ಹಳೆಯ ಲಾರಿಯ ಜೀರ್ಣೋದ್ಧಾರ ಮತ್ತು ಗ್ಯಾಸ್ ಪರಿವರ್ತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸಕೋಟೆಯ ಕಡೆ ಇಟ್ಟಿಗೆ ಗೂಡೊಂದರ ಪಕ್ಕದಲ್ಲಿ ಎಕ್ಕದ ಗಿಡಗಳ ನಡುವೆ ನಿಂತಿದ್ದ 1951ರ ಷೆವರ್ಲೆ ಲಾರಿಯನ್ನು ತಂದು, ಅದನ್ನು ಮತ್ತೆ ರಸ್ತೆಗಿಳಿಸಿ, ಪೆಟ್ರೋಲಿನ ಜೊತೆಗೆ ಗ್ಯಾಸಿನಲ್ಲೂ (ನಮ್ಮದರಲ್ಲಿ ಎಲ್‌ಪಿಜಿ) ಓಡುವಂತೆ ಮಾಡಿದ ಮೇಲೆ ಬೆಂಗಳೂರಿನ ಪ್ರತಿಯೊಂದು ಸಿಗ್ನಲ್ಲಿನಲ್ಲಿಯೂ ಯಾರಾದರೊಬ್ಬರು ಕಿಟಕಿಯ ಗಾಜು ಇಳಿಸಿ ಏನಾದರೂ ಕೇಳುತ್ತಾರೆ. ಹಸಿರು ದೀಪ ಬರುವಷ್ಟರಲ್ಲಿ ಹೇಳಿ ಮುಗಿಸಲಾಗದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಯಾವ ಹಳೆಯ ಲಾರಿಯನ್ನು ಗ್ಯಾಸ್‌ಗೆ ಪರಿವರ್ತಿಸಬಹುದು?

ಪೆಟ್ರೋಲ್ ಎಂಜಿನ್ ಇರುವುದನ್ನು ಮಾತ್ರ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮುಂಬಯಿಯ ಸೇವ್ರಿಯಲ್ಲಿ ಜೋಡಣೆಯಾಗುತ್ತಿದ್ದ ಷೆವರ್ಲೆ, ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಡಾಡ್ಜ್ ಮತ್ತು ಫಾರ್ಗೊ, ಯುದ್ಧದ ನಂತರ ಸೇನೆ ವಿಲೇವಾರಿ ಮಾಡಿದ ಫೋರ್ಡ್‌ಗಳು, ಜಬಲ್ಪುರದಲ್ಲಿ ತಯಾರಾಗಿ ಬಹಳ ಕಾಲ ಸೇನೆಯಲ್ಲಿ ದುಡಿದ ನಿಸ್ಸಾನ್ ಒಂದು ಟನ್ ಗಾಡಿ, ಇವು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಕಾರ್ಬುರೇಟರ್ ಇದೆ, ಸ್ಪಾರ್ಕ್ ಪ್ಲಗ್ ಇದೆ, ಕಂಪ್ಯೂಟರ್ ಇಲ್ಲ. ಆದುದರಿಂದ ಎಂಜಿನ್ ಎಳೆದುಕೊಳ್ಳುವ ಗಾಳಿಯ ದಾರಿಯಲ್ಲಿ ಗಾಳಿಗೆ ಗ್ಯಾಸ್ ಬೆರೆಸುವ ಒಂದು ಮಿಕ್ಸರ್ ಕೂರಿಸಿ, ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರಿನಿಂದ ಬರುವ ಗ್ಯಾಸನ್ನು ಅದರ ಮೂಲಕ ಒಳಗೆ ಬಿಟ್ಟರೆ ತತ್ತ್ವತಃ ಕೆಲಸ ಮುಗಿಯಿತು. ತತ್ತ್ವಕ್ಕೂ ಗ್ಯಾರೇಜಿಗೂ ನಡುವೆ ಇರುವ ದೂರವೇ ಮುಂದಿನ ಪ್ರಶ್ನೆಗಳ ವಿಷಯ.

ನಮ್ಮ ತಾತನ ಕಾಲದ ಟಾಟಾ-ಮರ್ಸಿಡಿಸ್ ಇದೆ. ಅದನ್ನು ಪರಿವರ್ತಿಸಬಹುದೇ?

ದಯವಿಟ್ಟು ಬೇಡ. ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಇಂಧನ ಹೊತ್ತಿಕೊಳ್ಳುವಂತೆ ಮಾಡಲಾಗುತ್ತದೆ. ಡೀಸೆಲ್ ಸುಮಾರು 210 ಡಿಗ್ರಿ ಸೆಲ್ಸಿಯಸ್‌ಗೇ ತಾನಾಗಿ ಹೊತ್ತಿಕೊಂಡರೆ, ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್‌ಗೆ ಸುಮಾರು 540 ಡಿಗ್ರಿ ಬೇಕು. ಅಂದರೆ ಇಂಜೆಕ್ಟರ್ ಇರುವ ಕಡೆ ಸ್ಪಾರ್ಕ್ ಪ್ಲಗ್ ಬರಬೇಕು, ಪಿಸ್ಟನ್ ತಲೆಯನ್ನು ಕಡೆದು ಕಂಪ್ರೆಷನ್ ಅನುಪಾತ (ಸಿಲಿಂಡರಿನೊಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬ ಲೆಕ್ಕ) ಇಳಿಸಬೇಕು, ಇಲ್ಲದ ಥ್ರಾಟಲನ್ನೂ ಇಗ್ನಿಷನ್ನನ್ನೂ ಹೊಸದಾಗಿ ಸೃಷ್ಟಿಸಬೇಕು. ಅಷ್ಟೆಲ್ಲ ಆದ ಮೇಲೆ ಉಳಿಯುವುದು ತಾತನ ಲಾರಿಯಲ್ಲ. 1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದದಿಂದ ಆರಂಭವಾದ ಆ ಮೂತಿಯ ಲಾರಿಗಳ ಡೀಸೆಲ್ ಎಂಜಿನ್‌ಗಳಿಗೆ ಪಂಪು, ನಾಜಲ್ ಸರಿ ಮಾಡಿಸಿದರೆ ಸಾಕು, ಇನ್ನೊಂದು ತಲೆಮಾರು ಓಡುತ್ತವೆ.

ಹದಿನೈದು ವರ್ಷ ದಾಟಿದ ವಾಹನವನ್ನು ಬೆಂಗಳೂರಿನಲ್ಲಿ ಓಡಿಸುವುದೇ ಕಾನೂನುಬಾಹಿರವಲ್ಲವೇ?

ಅಲ್ಲ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ನಿರ್ಬಂಧದ ಮಾತು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಇಲ್ಲಿ ಹಸಿರು ತೆರಿಗೆ ಕಟ್ಟಬೇಕು, ಫಿಟ್ನೆಸ್ ಪಡೆಯಬೇಕು. ಲಾರಿಯು ಗೂಡ್ಸ್ ವಾಹನವಾಗಿ ನೋಂದಣಿಯಾಗಿದ್ದರೆ ಹಳೆಯ ಗಾಡಿಗೆ ಪ್ರತಿ ವರ್ಷವೂ ಫಿಟ್ನೆಸ್ ಬೇಕು, ಮತ್ತು ಫಿಟ್ನೆಸ್ ಇಲ್ಲದ ಗೂಡ್ಸ್ ವಾಹನದ ನೋಂದಣಿಯನ್ನು ಕಾನೂನು ಊರ್ಜಿತವೆಂದು ಪರಿಗಣಿಸುವುದಿಲ್ಲ.

2021ರ ವಿಂಟೇಜ್ ನಿಯಮದಡಿ ಹಳೆಯ ವಾಹನಗಳಿಗೆಂದೇ ಇರುವ ‘ವಿಎ’ ಸರಣಿಯ ನಂಬರ್ ಸಿಗುತ್ತದೆಯೇ?

ಬಹಳ ಜನ ಈ ಆಸೆಯಿಂದಲೇ ಲಾರಿ ಕೊಳ್ಳುತ್ತಾರೆ, ಆದುದರಿಂದ ಸ್ಪಷ್ಟವಾಗಿ ಹೇಳುತ್ತೇನೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ಆ ತಿದ್ದುಪಡಿ ಐವತ್ತು ವರ್ಷ ದಾಟಿದ ದ್ವಿಚಕ್ರ ವಾಹನಗಳಿಗೆ ಮತ್ತು ಸ್ವಂತ ಬಳಕೆಯ ನಾಲ್ಕು ಚಕ್ರದ ಪ್ರಯಾಣಿಕ ವಾಹನಗಳಿಗೆ ಅನ್ವಯಿಸುವಂತೆ ಬರೆದಿರುವಂಥದ್ದು. ಸರಕು ಸಾಗಿಸುವ ಲಾರಿ ಆ ವ್ಯಾಖ್ಯೆಯ ಹೊರಗೇ ನಿಲ್ಲುತ್ತದೆ. ಅದಲ್ಲದೆ ಆ ನಿಯಮ ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆಂದು ಕೇಳುತ್ತದೆ. ಮೂತಿ ಇರುವ ಲಾರಿಯನ್ನು ‘ವಿಂಟೇಜ್’ ಎಂದು ನಾವು ನೀವು ಕರೆಯುವುದು ಪ್ರೀತಿಯಿಂದ, ಕಾನೂನಿನಿಂದಲ್ಲ.

ಕಾಗದಪತ್ರಗಳಲ್ಲಿ ಏನನ್ನು ನೋಡಬೇಕು?

ಹಣ ಕೊಡುವ ಮೊದಲು ಚಾಸಿಸ್ ಸಂಖ್ಯೆಯ ಪ್ರಿಂಟ್ ತೆಗೆಯಿರಿ. ಸಂಖ್ಯೆ ಕೊರೆದಿರುವ ಜಾಗದ ತುಕ್ಕನ್ನು ಸೀಮೆಎಣ್ಣೆ ಹಾಕಿದ ಬಟ್ಟೆಯಿಂದ ಒರೆಸಿ, ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲಿನ ಸೀಸವನ್ನು ಅಡ್ಡಲಾಗಿ ಉಜ್ಜಿದರೆ ಅಂಕಿಗಳು ಬಿಳಿಯಾಗಿ ಏಳುತ್ತವೆ. ಅದು ಆರ್‌ಸಿ ಪುಸ್ತಕದೊಂದಿಗೆ ಅಂಕಿ ಅಂಕಿಗೂ ಹೊಂದಬೇಕು. ಮೈಸೂರು ರಾಜ್ಯದ ಕಾಲದ, ‘ಎಂವೈ’ ಎಂದು ಆರಂಭವಾಗುವ ನಂಬರ್ ಫಲಕ ಇದೆ ಎಂಬ ಒಂದೇ ಕಾರಣಕ್ಕೆ ಮಾರುಹೋಗಬೇಡಿ; ಫಲಕವನ್ನು ಯಾರು ಬೇಕಾದರೂ ಬರೆಸಬಹುದು.

ಗ್ಯಾಸ್ ಕಿಟ್ (ಪರಿವರ್ತನೆಗೆ ಬೇಕಾದ ರೆಡ್ಯೂಸರ್, ಮಿಕ್ಸರ್, ಕವಾಟಗಳ ಸೆಟ್ಟು) ವಿಷಯದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ನೆನಪಿಡಿ. ಅನುಮೋದಿತ ಕಿಟ್ಟನ್ನು ಮಾತ್ರ ಹಾಕಿಸಬೇಕು, ಬದಲಾವಣೆ ಆದ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ಇಂಧನದ ಕಾಲಂ ತಿದ್ದಿಸಿಕೊಳ್ಳಬೇಕು. ಕಿಟ್‌ನ ಪ್ರಮಾಣಪತ್ರವು ನಿಮ್ಮ ಗಾಡಿಗೆ ಮತ್ತು ಅದರ ಎಂಜಿನ್ ಗಾತ್ರಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನು ಹಾಕುವವರ ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಕೇಳಿ. ಮೂರೂವರೆ ಲೀಟರಿನ ಹಳೆಯ ಎಂಜಿನ್‌ಗೆ ಹೊಂದುವ ಪ್ರಮಾಣಪತ್ರ ಹುಡುಕುವುದೇ ಈ ಇಡೀ ಕೆಲಸದ ಅತ್ಯಂತ ಬೇಸರದ ಭಾಗ, ಅದು ಸಿಗುವ ತನಕ ಒಂದು ಪೈಪನ್ನೂ ಕೊಳ್ಳಬೇಡಿ. ವಿಮೆಯವರಿಗೆ ತಿಳಿಸದೆ ಕಿಟ್ ಹಾಕಿಸಿದರೆ ಅಪಘಾತದ ದಿನ ಅವರು ಆ ಕಿಟ್ಟನ್ನೇ ನೆಪ ಮಾಡಿಕೊಳ್ಳುತ್ತಾರೆ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಎಂಜಿನಿನಿಂದ. ಬಣ್ಣದಿಂದ ಆರಂಭಿಸಿದವರ ಲಾರಿಗಳು ಷೆಡ್ಡಿನಲ್ಲಿ ಹೊಳೆಯುತ್ತ ನಿಂತಿರುವುದನ್ನು ನಾನು ಎರಡು ಮೂರು ಕಡೆ ನೋಡಿದ್ದೇನೆ. ಗ್ಯಾಸ್ ಕಿಟ್ ಎಲ್ಲಕ್ಕಿಂತ ಕೊನೆಯ ಕೆಲಸ, ಏಕೆಂದರೆ ಕಾಯಿಲೆಯ ಎಂಜಿನ್ ಪೆಟ್ರೋಲಿನಲ್ಲಿ ಕುಂಟುತ್ತದೆ, ಗ್ಯಾಸಿನಲ್ಲಿ ಮಲಗಿಬಿಡುತ್ತದೆ.

ನಮ್ಮದು ಷೆವರ್ಲೆಯ 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್. ಹೊಸದರಲ್ಲಿ ಸುಮಾರು 90 ಅಶ್ವಶಕ್ತಿ ಕೊಡುತ್ತಿದ್ದ ಇದರ ಕಂಪ್ರೆಷನ್ ಅನುಪಾತ ಬರೀ ಆರೂವರೆಗೆ ಒಂದು. ಪ್ಲಗ್‌ಗಳನ್ನು ಬಿಚ್ಚಿ ಗೇಜ್ ಇಟ್ಟು ಅಳೆದಾಗ ನಾಲ್ಕು ಸಿಲಿಂಡರ್‌ಗಳು 100 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಆಸುಪಾಸಿನಲ್ಲಿದ್ದವು, ಕೊನೆಯ ಎರಡು 60ನ್ನೂ ದಾಟಲಿಲ್ಲ. ಬಿಚ್ಚಿದ ಮೇಲೆ ಕಂಡದ್ದು ಸವೆದ ಬೋರಿಗಿಂತ (ಸಿಲಿಂಡರಿನ ಒಳಗೋಡೆ) ದೊಡ್ಡ ತಲೆನೋವು: ಈ ಎಂಜಿನಿನ ಕನೆಕ್ಟಿಂಗ್ ರಾಡ್‌ಗಳಲ್ಲಿ ಇಂದಿನಂತೆ ಬದಲಾಯಿಸುವ ಬೇರಿಂಗ್ ಚಿಪ್ಪುಗಳಿಲ್ಲ, ಬಿಳಿ ಲೋಹವನ್ನು ರಾಡಿನ ಕಣ್ಣಿಗೇ ಎರಕ ಹೊಯ್ದಿರುತ್ತಾರೆ. ಎಣ್ಣೆಯೂ ಒತ್ತಡದಿಂದ ಬರುವುದಿಲ್ಲ, ರಾಡಿನ ತುದಿಯ ಸೌಟು ತೊಟ್ಟಿಯಿಂದ ಮೊಗೆದುಕೊಳ್ಳುತ್ತದೆ. ಕಲಾಸಿಪಾಳ್ಯದ ಹಿಂದಿನ ಓಣಿಯಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರು ಆ ಕೆಲಸ ಮಾಡಿಕೊಟ್ಟರು. ರಾಡಿನ ಕಣ್ಣಿಗೆ ತವರ ಸವರಿ, ಮೂಸೆಯಲ್ಲಿ ಕರಗಿದ ಲೋಹದೊಳಗೆ ಒಂದು ಪೈನ್ ಕಡ್ಡಿ ಅದ್ದಿ, ಕಡ್ಡಿ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿ ‘ಈಗ ಹದ’ ಎಂದು ಒಂದೇ ಧಾರೆಯಲ್ಲಿ ಎರೆದರು. ಪಾಯಸದ ಪಾಕ ನೋಡುವ ಅಡುಗೆಯವರ ಕಣ್ಣು ಅದು. ತಣಿದ ಮೇಲೆ ಲೇತಿನಲ್ಲಿ ಕಡೆದು, ಕ್ರ್ಯಾಂಕಿಗೆ ನೀಲಿ ಹಚ್ಚಿ ಕೂರಿಸಿ, ನೀಲಿ ಅಂಟಿದ ಉಬ್ಬುಗಳನ್ನು ಕೈಯಿಂದ ಕೆರೆದರು. ಆರು ರಾಡಿಗೆ ಒಂಬತ್ತು ದಿನ ಹಿಡಿಯಿತು.

ಬಿಡಿಭಾಗಗಳು ಬೆಂಗಳೂರಿನಲ್ಲಿ ಸಿಗುತ್ತವೆಯೇ?

ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಜೆ.ಸಿ. ರಸ್ತೆಯಲ್ಲಿ ಹೊಸ ಸಾಮಾನು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು, ಎಸ್.ಪಿ. ರಸ್ತೆಯಲ್ಲಿ ಹಿತ್ತಾಳೆಯ ಫಿಟ್ಟಿಂಗ್ ಮತ್ತು ಮೆದುಗೊಳವೆ, ಪೀಣ್ಯದಲ್ಲಿ ಏನು ಬೇಕಾದರೂ ಮಾದರಿ ನೋಡಿ ಕಡೆದುಕೊಡುವವರು. ಗುಜರಿಗೆ ಹೋಗುವಾಗ ಭಾಗದ ಹೆಸರು ಹೇಳಬೇಡಿ, ಹಳೆಯ ಭಾಗವನ್ನೇ ಚೀಲದಲ್ಲಿ ಒಯ್ಯಿರಿ. ಹೆಸರಿಗೆ ಬೆಲೆ ಏರುತ್ತದೆ, ತುಕ್ಕು ಹಿಡಿದ ತುಂಡಿಗೆ ಏರುವುದಿಲ್ಲ.

ತಗಡು ಮತ್ತು ಮರದ ಕೆಲಸ?

ಕ್ಯಾಬಿನ್ನಿನ ಕೆಳಮೂಲೆಗಳು ಕೊಳೆತಿರುತ್ತವೆ. ಪುಟ್ಟಿ ತುಂಬದೆ ತಗಡು ಕತ್ತರಿಸಿ ಬೆಸೆಯಿಸಿ. ಹಿಂಬದಿಯ ನೆಲಹಲಗೆಗೆ ಮತ್ತಿ ಅಥವಾ ಹೊನ್ನೆ ಸಾಕು, ತೇಗ ದಂಡ.

ಸಿಎನ್‌ಜಿ ಒಳ್ಳೆಯದೋ, ಎಲ್‌ಪಿಜಿಯೋ?

ಬೆಂಗಳೂರಿನಲ್ಲಿ ಎರಡೂ ಸಿಗುತ್ತವೆ. ದಾಭೋಲ್‌ನಿಂದ ಬರುವ ಕೊಳವೆ ಮಾರ್ಗದ ಅನಿಲ ಗೇಲ್ ಗ್ಯಾಸ್ ಕೇಂದ್ರಗಳಲ್ಲಿ ಸಿಎನ್‌ಜಿಯಾಗಿ ದೊರೆಯುತ್ತದೆ. ಎಲ್‌ಪಿಜಿ ನಮ್ಮ ಆಟೋಗಳ ಪರಿಚಿತ ಇಂಧನ. ಆಯ್ಕೆ ನಿರ್ಧಾರವಾಗುವುದು ದರದಿಂದಲ್ಲ, ಲಾರಿಯ ಹಸಿವಿನಿಂದ.

ನಮ್ಮ ಲಾರಿ ಲೀಟರ್ ಪೆಟ್ರೋಲಿಗೆ ಐದು ಕಿಲೋಮೀಟರ್ ಓಡುತ್ತದೆ. ಅರುವತ್ತು ಲೀಟರ್ ನೀರು ಹಿಡಿಯುವ ಉಕ್ಕಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬುವ ಸಿಎನ್‌ಜಿ ಹತ್ತು ಕೆ.ಜಿ.ಯ ಒಳಗೇ. ಒಂದು ಕೆ.ಜಿ. ಸಿಎನ್‌ಜಿಯ ಶಕ್ತಿ ಸುಮಾರು 1.4 ಲೀಟರ್ ಪೆಟ್ರೋಲಿಗೆ ಸಮವೆಂದು ಹಿಡಿದರೂ ಒಂದು ಸಿಲಿಂಡರಿಗೆ 65 ಕಿಲೋಮೀಟರ್ ಮೇಲೆ ನಂಬುವಂತಿಲ್ಲ. ರಾಮನಗರಕ್ಕೆ ಹೋಗಬಹುದು, ಹಿಂದಕ್ಕೆ ಬರುವಾಗ ಬಿಡದಿಯಲ್ಲೇ ಪೆಟ್ರೋಲಿಗೆ ತಿರುಗಿಸಬೇಕಾದೀತು. ಆ ಸಿಲಿಂಡರ್ ಸ್ವತಃ ಅರುವತ್ತು ಕೆ.ಜಿ. ಆಸುಪಾಸು ತೂಗುತ್ತದೆ, ಮೂರು ವರ್ಷಕ್ಕೊಮ್ಮೆ ಬಿಚ್ಚಿ ಒತ್ತಡ ಪರೀಕ್ಷೆ ಮಾಡಿಸಬೇಕು. ಅಷ್ಟೇ ಗಾತ್ರದ ಎಲ್‌ಪಿಜಿ ಟ್ಯಾಂಕಿನಲ್ಲಿ ಶೇಕಡ 80ರಷ್ಟು ಮಾತ್ರ ತುಂಬಿದರೂ 48 ಲೀಟರ್ ದ್ರವ ಹಿಡಿಯುತ್ತದೆ, ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ 190ರ ಹತ್ತಿರ ಹೋಗಬಹುದು.

ಶಕ್ತಿಯ ಲೆಕ್ಕವೂ ಇದೆ. ಸಿಎನ್‌ಜಿಯ ಮೀಥೇನ್ ಎಂಜಿನ್ ಸಿಲಿಂಡರಿನೊಳಗೆ ಗಾಳಿಯ ಜಾಗದ ಹತ್ತರಲ್ಲಿ ಒಂದು ಪಾಲನ್ನು ತಾನೇ ತಿನ್ನುತ್ತದೆ, ಎಲ್‌ಪಿಜಿ ಅದರ ಅರ್ಧಕ್ಕಿಂತ ಕಡಿಮೆ. ಹೊಸ ಎಂಜಿನ್‌ಗಳಲ್ಲಿ ಗ್ಯಾಸಿನ ಹೆಚ್ಚಿನ ಆಕ್ಟೇನ್ (ಒತ್ತಿದರೂ ಅಕಾಲಕ್ಕೆ ಹೊತ್ತಿಕೊಳ್ಳದ ಗುಣ) ಬಳಸಿಕೊಂಡು ಕಂಪ್ರೆಷನ್ ಏರಿಸಿ ಆ ನಷ್ಟವನ್ನು ತುಂಬಿಕೊಳ್ಳುತ್ತಾರೆ, ಆರೂವರೆ ಅನುಪಾತದ ಮುದುಕ ಎಂಜಿನ್‌ಗೆ ಆ ಭಾಗ್ಯವಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ತೆಳು ಗಾಳಿ ಈಗಾಗಲೇ ಹತ್ತರಲ್ಲಿ ಒಂದು ಪಾಲು ಕಿತ್ತುಕೊಂಡಿರುತ್ತದೆ. ಈ ಎಲ್ಲ ಕಾರಣಗಳಿಂದ ನಾನು ಎಲ್‌ಪಿಜಿಯನ್ನು ಆರಿಸಿದೆ.

ಆದರೆ ನಿಮ್ಮ ಲಾರಿ ನಿಲ್ಲುವುದು ನೆಲಮಾಳಿಗೆಯಲ್ಲಾದರೆ ಈ ಸಲಹೆ ತಲೆಕೆಳಗಾಗುತ್ತದೆ. ಸಿಎನ್‌ಜಿ ಗಾಳಿಗಿಂತ ಹಗುರ, ಸೋರಿದರೆ ಮೇಲೇರಿ ಚೆದುರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೀರಿನಂತೆ ತಗ್ಗಿಗೆ ಹರಿದು ಕಿಡಿಗಾಗಿ ಕಾಯುತ್ತದೆ. ಅದೇ ಕಾರಣಕ್ಕೆ ಗ್ಯಾರೇಜಿನ ಗುಂಡಿಯ ಮೇಲೂ ಎಲ್‌ಪಿಜಿ ಗಾಡಿಯನ್ನು ನಿಲ್ಲಿಸಬಾರದು. ನಮ್ಮದು ಬಯಲಿನಲ್ಲಿ, ತಗಡಿನ ಮಾಡಿನ ಕೆಳಗೆ ನಿಲ್ಲುತ್ತದೆ.

ಮನೆಯ ಅಡುಗೆ ಸಿಲಿಂಡರ್ ಬಳಸಬಹುದೇ?

ಇಲ್ಲ. ಅದು ಅಪರಾಧ, ಮೇಲಾಗಿ ಅಪಾಯ. ಅಡುಗೆ ಸಿಲಿಂಡರಿನಲ್ಲಿ ಶೇಕಡ 80ಕ್ಕೆ ತುಂಬುವುದನ್ನು ನಿಲ್ಲಿಸುವ ಕವಾಟವಿಲ್ಲ, ಕೊಳವೆ ಹರಿದರೆ ತಾನಾಗಿ ಮುಚ್ಚಿಕೊಳ್ಳುವ ಕವಾಟವೂ ಇಲ್ಲ.

ನಮ್ಮ ಲಾರಿಯ ಬ್ಯಾಟರಿ 6 ವೋಲ್ಟಿನದು. ಏನು ಮಾಡಬೇಕು?

ಗ್ಯಾಸ್ ಕಿಟ್ಟಿನ ಸೊಲೆನಾಯ್ಡ್ ಕವಾಟಗಳೆಲ್ಲ 12 ವೋಲ್ಟಿನವು, 6 ವೋಲ್ಟಿಗೆ ಅವು ಟಿಕ್ ಎನ್ನುವುದೂ ಇಲ್ಲ. ಇಡೀ ಲಾರಿಯನ್ನು 12ಕ್ಕೆ ಬದಲಾಯಿಸಿದರೆ ಡೈನಮೊ, ಬಲ್ಬು, ಹಾರ್ನು, ಗೇಜು ಎಲ್ಲವನ್ನೂ ಮುಟ್ಟಬೇಕು. ನಾನು ಮೂಲ ವೈರಿಂಗನ್ನು ಹಾಗೆಯೇ ಬಿಟ್ಟು, ಕಿಟ್ಟಿಗೆ ಮಾತ್ರ ವೋಲ್ಟೇಜ್ ಏರಿಸುವ ಚಿಕ್ಕ ಪೆಟ್ಟಿಗೆಯೊಂದನ್ನು ಡ್ಯಾಷ್‌ಬೋರ್ಡಿನ ಹಿಂದೆ ಕೂರಿಸಿದ್ದೇನೆ. ನಿಮ್ಮ ಗಾಡಿಯಲ್ಲಿ ಬ್ಯಾಟರಿಯ ಯಾವ ತುದಿ ಚಾಸಿಸ್‌ಗೆ ಸೇರಿದೆ ಎಂಬುದನ್ನು ಮೊದಲು ನೋಡಿ. ಆ ಕಾಲದ ಫೋರ್ಡ್, ಡಾಡ್ಜ್‌ಗಳಲ್ಲಿ ಪಾಸಿಟಿವ್ ತುದಿ ಚಾಸಿಸ್‌ಗೆ ಸೇರಿರುತ್ತದೆ, ಅಭ್ಯಾಸದಂತೆ ಜೋಡಿಸಿದರೆ ಪೆಟ್ಟಿಗೆ ಆ ಕ್ಷಣವೇ ಸುಟ್ಟುಹೋಗುತ್ತದೆ.

ಟ್ಯಾಂಕನ್ನು ಎಲ್ಲಿ ಕೂರಿಸಬೇಕು?

ಕ್ಯಾಬಿನ್ನಿನ ಹಿಂದೆ, ಹಲಗೆಯ ಮೇಲೆ, ಆದರೆ ಭಾರ ಹಲಗೆಯ ಮೇಲಲ್ಲದೆ ಚಾಸಿಸ್ ಮೇಲೆ ಬೀಳುವಂತೆ. ಹಳೆಯ ಚಾಸಿಸ್‌ಗಳು ರಿವೆಟ್ ಬಡಿದು ಕಟ್ಟಿದವು, ಬಾಗಿ ಬಳುಕುವಂತೆ ವಿನ್ಯಾಸವಾದವು. ಅವುಗಳ ಮೇಲಿನ ಕೆಳಗಿನ ಅಂಚುಗಳಿಗೆ ತೂತು ಕೊರೆಯುವುದೂ ಬೆಸುಗೆ ಹಾಕುವುದೂ ಕೂಡದು. ಯು-ಕ್ಲ್ಯಾಂಪ್ ಹಾಕಿ ಕಚ್ಚಿಸಿ. ಈ ಪರಿವರ್ತನೆಯುದ್ದಕ್ಕೂ ನಾನು ಹಿಡಿದ ಒಂದೇ ನಿಯಮವೆಂದರೆ, ಹಾಕಿದ್ದೆಲ್ಲವನ್ನೂ ಒಂದು ಮಧ್ಯಾಹ್ನದಲ್ಲಿ ಸ್ಪ್ಯಾನರ್ ಹಿಡಿದು ಬಿಚ್ಚಿ, ಲಾರಿಯನ್ನು 1951ಕ್ಕೆ ಹಿಂದಿರುಗಿಸಲು ಸಾಧ್ಯವಿರಬೇಕು.

ಗ್ಯಾಸಿನಿಂದ ಎಂಜಿನ್ ಹಾಳಾಗುತ್ತದೆ ಎನ್ನುತ್ತಾರೆ, ನಿಜವೇ?

ಅರ್ಧ ನಿಜ. ಗ್ಯಾಸ್ ಎಣ್ಣೆಯನ್ನು ತೊಳೆಯುವುದಿಲ್ಲ, ಮಸಿ ಕಟ್ಟುವುದಿಲ್ಲ. ಬೋರು, ರಿಂಗುಗಳಿಗೆ ಅದು ಪೆಟ್ರೋಲಿಗಿಂತ ಮೃದು. ಕೆಡುವುದು ವಾಲ್ವ್ ಸೀಟು, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಅಂಚು. ಹಿಂದೆ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಅದರ ಬೂದಿ ವಾಲ್ವ್ ಮತ್ತು ಸೀಟಿನ ನಡುವೆ ಮೆತ್ತೆಯಂತೆ ನಿಲ್ಲುತ್ತಿತ್ತು. 2000ರ ಫೆಬ್ರುವರಿಯಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲೇ ಬಂದ ಮೇಲೆ ಆ ಮೆತ್ತೆ ಹೋಯಿತು. ಪೆಟ್ರೋಲಿನ ಹನಿಗಳ ತಂಪಾದರೂ ಉಳಿದಿತ್ತು, ಒಣ ಗ್ಯಾಸಿನಲ್ಲಿ ಅದೂ ಇಲ್ಲ. ಮೆತು ಎರಕದ ಸೀಟಿನೊಳಗೆ ವಾಲ್ವ್ ಸ್ವಲ್ಪ ಸ್ವಲ್ಪವೇ ಹೂತುಕೊಳ್ಳುತ್ತ ಹೋಗುತ್ತದೆ. ಆದುದರಿಂದ ಹೆಡ್ ಬಿಚ್ಚಿದಾಗಲೇ ಎಕ್ಸಾಸ್ಟ್ ಬದಿಗೆ ಗಟ್ಟಿ ಲೋಹದ ಸೀಟು ಉಂಗುರಗಳನ್ನು ಕೂರಿಸಿಬಿಡಿ.

ಒಂದು ಕಿವಿಮಾತು. ಟ್ಯಾಪೆಟ್ (ವಾಲ್ವನ್ನು ತೆರೆಯುವ ಭಾಗ) ಸದ್ದು ದಿನೇದಿನೇ ಕಡಿಮೆಯಾಗುತ್ತಿದ್ದರೆ ಸಂತೋಷಪಡಬೇಡಿ. ವಾಲ್ವ್ ಒಳಗೆ ಹೂತುಕೊಂಡಷ್ಟೂ ಟ್ಯಾಪೆಟ್ಟಿನ ಸಂದು ಮುಚ್ಚುತ್ತದೆ, ಸದ್ದು ಅಡಗುತ್ತದೆ, ಸಂದು ಪೂರ್ತಿ ಮುಚ್ಚಿದ ದಿನ ವಾಲ್ವ್ ಸುಡುತ್ತದೆ. ಈ ಎಂಜಿನಿನ ಎಕ್ಸಾಸ್ಟ್ ಸಂದು ಬಿಸಿಯಿದ್ದಾಗ 0.013ರಿಂದ 0.015 ಇಂಚು ಇರಬೇಕು. ಮೊದಲ ವರ್ಷ ತಿಂಗಳಿಗೊಮ್ಮೆ ಫೀಲರ್ ಗೇಜ್ ಹಾಕಿ ನೋಡಿ, ಪುಸ್ತಕದಲ್ಲಿ ಬರೆದಿಡಿ.

ಇಗ್ನಿಷನ್ ಟೈಮಿಂಗ್ ಬದಲಾಯಿಸಬೇಕೇ?

ಬೇಕು. ಗ್ಯಾಸ್ ನಿಧಾನವಾಗಿ ಉರಿಯುತ್ತದೆ, ಆದುದರಿಂದ ಕಿಡಿ ಸ್ವಲ್ಪ ಮುಂಚೆ ಬೀಳಬೇಕು. ಹೊತ್ತಿಸುವುದೂ ಕಷ್ಟ, ಆದುದರಿಂದ ಪ್ಲಗ್ ಸಂದನ್ನು ಸ್ವಲ್ಪ ಕಿರಿದಾಗಿಸಿ ಕಾಯಿಲ್, ಪಾಯಿಂಟು, ವೈರು ಹೊಸದಾಗಿಡಬೇಕು. ಕಿಡಿ ತಪ್ಪಿದರೆ ಮ್ಯಾನಿಫೋಲ್ಡಿನಲ್ಲಿ ತುಂಬಿದ ಗ್ಯಾಸ್ ಹಿಂದಕ್ಕೆ ಸಿಡಿಯುತ್ತದೆ. ಹಳೆಯ ಲಾರಿಗಳ ಏರ್ ಫಿಲ್ಟರಿನ ತಳದಲ್ಲಿ ಎಣ್ಣೆಯ ಬಟ್ಟಲಿರುತ್ತದೆ; ಒಂದು ಸಿಡಿತಕ್ಕೆ ಆ ಎಣ್ಣೆಯೆಲ್ಲ ಬಾನೆಟ್ಟಿನ ಒಳಮೈಗೆ ಅಭಿಷೇಕವಾಗುತ್ತದೆ.

ಷೆವರ್ಲೆಯವರಿಗೆ ಇಲ್ಲಿ ಒಂದು ವರವಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಗೆರೆ ಕೊರೆದ ಪುಟ್ಟ ತಗಡೊಂದನ್ನು ಕಾರ್ಖಾನೆಯವರೇ ಇಟ್ಟಿದ್ದಾರೆ, ಊರೂರಿಗೂ ಪೆಟ್ರೋಲಿನ ಗುಣ ಬೇರೆಯಿದ್ದ ಕಾಲದಲ್ಲಿ ಚಾಲಕನೇ ಕಿಡಿಯನ್ನು ಹಿಂದೆ ಮುಂದೆ ಸರಿಸಿಕೊಳ್ಳಲಿ ಎಂದು. ಎಪ್ಪತ್ತು ವರ್ಷಗಳ ನಂತರ ಅದೇ ತಗಡು ಗ್ಯಾಸಿಗೆ ಒಂದು ಗೆರೆ, ಪೆಟ್ರೋಲಿಗೆ ಒಂದು ಗೆರೆ ಎಂದು ನನಗೆ ಒದಗಿದೆ.

ಚಳಿಯಲ್ಲಿ ಗ್ಯಾಸ್ ಗಾಡಿ ನಿಂತುಹೋಗುತ್ತದೆ ಎನ್ನುತ್ತಾರಲ್ಲ?

ನಮ್ಮದು ನಿಂತಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಏರು ಹತ್ತುವಾಗ ಎಂಜಿನ್ ಕೆಮ್ಮಿ ಸತ್ತಿತು. ಬಾನೆಟ್ ಎತ್ತಿದರೆ ರೆಡ್ಯೂಸರಿನ ಮೈತುಂಬ ಬಿಳಿ ಹಿಮ, ಬೆರಳಿಟ್ಟರೆ ಅಂಟುವಷ್ಟು. ದ್ರವ ಎಲ್‌ಪಿಜಿ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ, ಆ ಶಾಖವನ್ನು ಕೊಡಲೆಂದೇ ಎಂಜಿನಿನ ಬಿಸಿನೀರನ್ನು ರೆಡ್ಯೂಸರಿನೊಳಗೆ ಹಾಯಿಸಬೇಕು. ಕಿಟ್ ಹಾಕಿದವರು ಆ ನೀರನ್ನು ಥರ್ಮೋಸ್ಟಾಟಿನ ಆಚೆ ಬದಿಯಿಂದ ತೆಗೆದಿದ್ದರು. ಎಂಜಿನ್ ಪೂರ್ತಿ ಬಿಸಿಯಾಗಿ ಥರ್ಮೋಸ್ಟಾಟ್ ತೆರೆಯುವ ತನಕ ಅಲ್ಲಿ ನೀರು ಹರಿಯುವುದೇ ಇಲ್ಲ. ಕೇಳಿದರೆ, ‘ಆಟೋದಲ್ಲಿ ಹೀಗೆಲ್ಲ ಆಗಲ್ಲ ಸಾರ್’ ಎಂಬ ಉತ್ತರ ಬಂತು. ಆಟೋ ಎಂಜಿನ್‌ಗೆ ಬೇಕಾಗುವ ಗ್ಯಾಸ್ ಎಷ್ಟು, ಇದಕ್ಕೆ ಬೇಕಾಗುವುದು ಎಷ್ಟು! ಪೈಪನ್ನು ಹೆಡ್‌ನ ಬದಿಗೆ, ಥರ್ಮೋಸ್ಟಾಟಿನ ಈಚೆಗೆ ಬದಲಾಯಿಸಿದ ಮೇಲೆ ನಂದಿಬೆಟ್ಟವನ್ನೂ ಹತ್ತಿ ಬಂದಿದೆ.

ಇದರಿಂದ ಹಣ ಉಳಿಯುತ್ತದೆಯೇ?

ಉಳಿಯುವುದಿಲ್ಲ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ ಲಾರಿಗೆ 200 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿಯೆಂದು ಸುಮ್ಮನೆ ಹಿಡಿದರೆ ಇಪ್ಪತ್ತು ಸಾವಿರ. ಗ್ಯಾಸಿನಿಂದ ಅದರಲ್ಲಿ ಮೂರನೇ ಒಂದು ಪಾಲು ಉಳಿದರೂ ಕಿಟ್, ಟ್ಯಾಂಕ್, ಓಡಾಟದ ಖರ್ಚು ತೀರುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ನನಗೆ ಕಾರಣ ಬೇರೆ ಇತ್ತು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇದೆ, ಅದು ಹಳೆಯ ಪಂಪಿನ ರಬ್ಬರ್ ಪೊರೆಯನ್ನೂ ಗ್ಯಾಸ್ಕೆಟ್‌ಗಳನ್ನೂ ಮೆತ್ತಗಾಗಿಸುತ್ತದೆ, ತೇವ ಹೀರಿ ಟ್ಯಾಂಕಿನೊಳಗೆ ತುಕ್ಕು ತರುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಗ್ಯಾಸ್ ಹಳಸದ ಇಂಧನ.

ಹಳೆಯ ಲಾರಿಗೆ ಗ್ಯಾಸ್ ಹಾಕುವುದು ಅದಕ್ಕೆ ಮಾಡುವ ಅಪಚಾರವಲ್ಲವೇ?

ಹಾಗೆ ಅನ್ನುವವರಿಗೆ ಎರಡನೇ ಮಹಾಯುದ್ಧದ ಕಾಲದ ಬಸ್ಸು ಲಾರಿಗಳ ನೆನಪು ಮಾಡಿಕೊಡುತ್ತೇನೆ. ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ಮೈಸೂರು ಸೀಮೆಯಲ್ಲೂ ಗಾಡಿಗಳ ಬೆನ್ನಿಗೆ ಇದ್ದಿಲ ಒಲೆಯ ಡ್ರಮ್ಮು ಕಟ್ಟಿ, ಕ್ಲೀನರು ಗಾಳಿಯ ಹ್ಯಾಂಡಲ್ ತಿರುಗಿಸಿ ಕೆಂಡ ಎಬ್ಬಿಸಿ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ತುಂಬಿದ ಗ್ಯಾಸಿನಲ್ಲಿ ಎಂಜಿನ್ ಓಡಿಸುತ್ತಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರೆಂದು ಹಿರಿಯರು ಹೇಳುತ್ತಾರೆ.

ಗ್ಯಾಸ್ ಹಾಕಿಸಿದ ಮೇಲೆ ಪೆಟ್ರೋಲ್ ವ್ಯವಸ್ಥೆಯನ್ನು ತೆಗೆದುಬಿಡಬಹುದೇ?

ತೆಗೆಯಬೇಡಿ. ವಾರಕ್ಕೊಮ್ಮೆಯಾದರೂ ಹತ್ತು ನಿಮಿಷ ಪೆಟ್ರೋಲಿನಲ್ಲಿ ಓಡಿಸಿದರೆ ಕಾರ್ಬುರೇಟರ್ ಒಣಗುವುದಿಲ್ಲ. ನಾನು ಭಾನುವಾರ ಬೆಳಿಗ್ಗೆ ಮೊದಲು ಸಾಬೂನು ನೊರೆಯ ಬ್ರಷ್ಷನ್ನು ಗ್ಯಾಸ್ ಪೈಪಿನ ಪ್ರತಿಯೊಂದು ಕೀಲಿಗೂ ತಾಗಿಸಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತೇನೆ. ಆಮೇಲೆ ಟ್ಯಾಂಕಿನ ಕವಾಟ ಮುಚ್ಚಿ, ಡಿಸ್ಟ್ರಿಬ್ಯೂಟರಿನ ತಗಡನ್ನು ಪೆಟ್ರೋಲಿನ ಗೆರೆಗೆ ಸರಿಸಿ, ಲಾಲ್‌ಬಾಗಿನ ಪಶ್ಚಿಮ ದ್ವಾರದವರೆಗೆ ಹೋಗಿ ಬರುತ್ತೇನೆ.